ಒಕ್ಕಲುತನಕ್ಕೆ ತಕ್ಕ ಮೊಬೈಲು ಮತ್ತು ಕಂಪನಿಯ ಆಯ್ಕೆ

ಎತ್ತನ್ನು ಕೊಳ್ಳುವ ಒಕ್ಕಲಿಗನು ಹಲ್ಲು ನೋಡುವನು, ನಡೆ ನೋಡುವನು, ನೊಗಕ್ಕೆ ಹೂಡಿಯೂ ನೋಡುವನು. ಅದೇ ಒಕ್ಕಲಿಗನು ಮೊಬೈಲನ್ನು ಕೊಳ್ಳುವಾಗ ಅಂಗಡಿಯವನ ಮಾತೊಂದನ್ನೇ ನಂಬಿ ಹಣವನ್ನು ಎಣಿಸಿ ಬರುವನು. ಹೊಲಕ್ಕೆ ಹೋದ ಮೇಲೆ ಅದರಲ್ಲಿ ಧ್ವನಿಯೇ ಕೇಳದಿದ್ದರೆ ತಪ್ಪು ಯಾರದು? ಮೊಬೈಲು ಇಂದು ಬರಿಯ ಮಾತಿನ ಸಾಧನವಲ್ಲ. ಒಕ್ಕಲುತನದ ಉಪಕರಣಗಳಲ್ಲಿ ಅದೂ ಒಂದಾಗಿರುವುದು. ಆದುದರಿಂದ ಅದನ್ನೂ ಪರೀಕ್ಷಿಸಿಯೇ ಕೊಳ್ಳತಕ್ಕದ್ದು.

ಇದರ ಮಹತ್ವವನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಮನಗೂಳಿಯ ಸೀಮೆಯಲ್ಲಿ ಒಬ್ಬನು ತೊಗರಿಯನ್ನು ಕೊಯ್ದು ಹೊಲದಲ್ಲಿಯೇ ಒಣಗಲು ಹಾಕಿರುವಾಗ ಅಕಾಲದ ಮಳೆ ಬಿದ್ದು ಪೀಕು ಕೆಟ್ಟಿತೆಂದು ಭಾವಿಸಿರಿ. ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯ ಮೇರೆಗೆ ಅಂಥ ಹಾನಿಯನ್ನು ೭೨ ತಾಸುಗಳೊಳಗಾಗಿ ತಿಳಿಸಬೇಕು. ೧೪೪೪೭ ಎಂಬ ಸಂಖ್ಯೆಗೆ ಕರೆ ಮಾಡಿಯಾಗಲಿ, ವಿಮೆಯ ಆ್ಯಪಿನ ಮೂಲಕವಾಗಲಿ ತಿಳಿಸುವ ಅನುಕೂಲವುಂಟು. ಆ ಮೂರು ದಿನಗಳಲ್ಲಿ ಮೊಬೈಲು ಕೆಲಸ ಮಾಡದಿದ್ದರೆ, ವರ್ಷವಿಡೀ ದುಡಿದ ಪೀಕಿನ ಜೊತೆಗೆ ವಿಮೆಯ ಹಣವೂ ಕೈಬಿಡುವ ಭಯವಿರುವುದು.

೧. ಮೊದಲು ಕೆಲಸಗಳ ಪಟ್ಟಿ

ಯಾವ ಕೆಲಸಕ್ಕಾಗಿ ಮೊಬೈಲು ಬೇಕೆಂಬುದನ್ನು ಮೊದಲು ನಿಶ್ಚಯಿಸಬೇಕು. ಕೇವಲ ಮಾತನಾಡುವುದು, ಬ್ಯಾಂಕಿನ ಸಂದೇಶ ಮತ್ತು ಓ.ಟಿ.ಪಿ. ಪಡೆಯುವುದು, ಕಿಸಾನ್ ಕಾಲ್ ಸೆಂಟರಿಗೆ (೧೮೦೦-೧೮೦-೧೫೫೧) ಕರೆ ಮಾಡಿ ಕನ್ನಡದಲ್ಲಿ ಸಲಹೆ ಕೇಳುವುದು, ಇಷ್ಟಕ್ಕೆ ಗುಂಡಿಯುಳ್ಳ ಸಾದಾ ಮೊಬೈಲು ಸಾಕು. ಆದರೆ ೨೦೨೦ರಿಂದ ನಮ್ಮ ರಾಜ್ಯದಲ್ಲಿ ರೈತರೇ ತಮ್ಮ ಬೆಳೆಯ ಚಿತ್ರವನ್ನು ತೆಗೆದು ಬೆಳೆ ಸಮೀಕ್ಷೆಯ ಆ್ಯಪಿನಲ್ಲಿ ಸೇರಿಸುವ ಪದ್ಧತಿಯು ಬಂದಿದೆ. ಸರ್ವೆ ನಂಬರನ್ನು ತೋರಿಸುವ ‘ದಿಶಾಂಕ್’, ಹವೆಯನ್ನು ತಿಳಿಸುವ ‘ಮೇಘದೂತ’ ಮುಂತಾದವುಗಳೂ ಇವೆ. ಇವು ಬೇಕಾದವರು ಸ್ಮಾರ್ಟ್ ಫೋನನ್ನೇ ಕೊಳ್ಳಬೇಕು.

೨. ಹೊಲದಲ್ಲಿ ನಿಂತು ಕಂಪನಿಯ ಪರೀಕ್ಷೆ

ಮೊಬೈಲಿಗಿಂತ ಮುಂಚೆ ಕಂಪನಿಯನ್ನು ಆರಿಸಬೇಕು. ವಿಜಯಪುರದಿಂದ ಬರುವ ಹೆದ್ದಾರಿಯ ಬದಿಯಲ್ಲಿ ಚೆನ್ನಾಗಿ ನಡೆಯುವ ಸಿಮ್ಮು, ಒಳದಾರಿಯ ಹೊಲದಲ್ಲಿಯೂ ಹಾಗೆಯೇ ನಡೆದೀತೆಂದು ಹೇಳಲಾಗದು. ಟವರಿನಿಂದ ದೂರವಾದಂತೆ ಅಲೆಗಳ ಬಲವು ಕುಂದುವುದು. ಮೇಲಾಗಿ ೮೦೦, ೯೦೦ ಮೆಗಾಹರ್ಟ್ಸ್‌ನಂಥ ಕೆಳಗಿನ ಅಲೆಗಳು ದೂರಕ್ಕೆ ಹೋಗುವುವು, ಗೋಡೆಯನ್ನೂ ದಾಟುವುವು. ೨೩೦೦ರಂಥ ಮೇಲಿನವು ಹಾಗೆ ಹೋಗಲಾರವು. ದಪ್ಪ ಕಲ್ಲುಗೋಡೆಯ, ಮಣ್ಣಿನ ಮಾಳಿಗೆಯ ಮನೆಗಳಲ್ಲಿ ಈ ಭೇದವು ಎದ್ದು ಕಾಣುವುದು.

ಆದುದರಿಂದ ಬೇರೆಬೇರೆ ಕಂಪನಿಯ ಸಿಮ್ಮುಳ್ಳ ನೆರೆಯವರನ್ನು ಕರೆದುಕೊಂಡು ಮನೆಯ ನಡುಮನೆ, ಕಣ, ಬಾವಿ, ಹೊಲದ ದೂರದ ಬದು, ಈ ನಾಲ್ಕು ಸ್ಥಳಗಳಲ್ಲಿ ಪ್ರತಿಯೊಂದರಿಂದಲೂ ಐದು ನಿಮಿಷ ಮಾತನಾಡಿ ನೋಡಬೇಕು. ಒಮ್ಮೆ ಹಗಲಿನಲ್ಲಿ, ಒಮ್ಮೆ ಸಂಜೆಯಲ್ಲಿ ನೋಡುವುದು ಒಳ್ಳೆಯದು; ಸಂಜೆಗೆ ಬಳಸುವವರು ಹೆಚ್ಚಿ ಇಂಟರ್ನೆಟ್ಟಿನ ವೇಗವು ಇಳಿಯುವುದುಂಟು. ಕಂಪನಿಗಳು ತಮ್ಮ ಸೇವೆಯ ನಕಾಶೆಯನ್ನು ಪ್ರಕಟಿಸಬೇಕೆಂದು ಟ್ರಾಯ್ ಸಂಸ್ಥೆಯು ೨೦೨೪ರಲ್ಲಿ ನಿಯಮ ಮಾಡಿರುವುದು. ನಕಾಶೆಯನ್ನು ನೋಡಬಹುದು, ಆದರೆ ಸ್ವಂತ ಪರೀಕ್ಷೆಯನ್ನು ಬಿಡಕೂಡದು.

೩. ಪಂಪಿನ ಸ್ಟಾರ್ಟರಿನ ಸಿಮ್ಮು

ರಾತ್ರಿ ವಿದ್ಯುತ್ತು ಬಂದಾಗ ಮನೆಯಿಂದಲೇ ಬೋರಿನ ಪಂಪನ್ನು ಚಾಲೂ ಮಾಡುವ ಮೊಬೈಲ್ ಸ್ಟಾರ್ಟರುಗಳನ್ನು ಅನೇಕರು ಹಾಕಿಸಿರುವರು. ಇದರಿಂದ ಕತ್ತಲಲ್ಲಿ ಹಾವು ಚೇಳುಗಳ ಭಯವು ತಪ್ಪುವುದು. ಆದರೆ ಇಂಥ ಸ್ಟಾರ್ಟರುಗಳಲ್ಲಿ ಹಲವು ೨ಜಿ ಸೇವೆಯ ಮೇಲೆ ಮಾತ್ರ ನಡೆಯುವುವು. ೨೦೧೬ರಲ್ಲಿ ಆರಂಭವಾದ ಜಿಯೋ ಕಂಪನಿಗೆ ೨ಜಿ ಸೇವೆಯೇ ಇಲ್ಲ. ಅದರ ಸಿಮ್ಮು ೨ಜಿ ಸ್ಟಾರ್ಟರಿನಲ್ಲಾಗಲಿ, ಹಳೆಯ ೨ಜಿ ಮೊಬೈಲಿನಲ್ಲಾಗಲಿ ನಡೆಯದು. ಸ್ಟಾರ್ಟರು ೨ಜಿಯೋ ೪ಜಿಯೋ ಎಂಬುದನ್ನು ಮಾರುವವನಿಂದ ಪಾವತಿಯ ಮೇಲೆ ಬರೆಸಿಕೊಂಡು, ಬಾವಿಯ ಸ್ಥಳದಲ್ಲಿ ಪರೀಕ್ಷಿಸಿ, ಅದಕ್ಕೊಪ್ಪುವ ಸಿಮ್ಮನ್ನು ಹಾಕಬೇಕು. ಅದರ ರೀಚಾರ್ಜಿನ ಅವಧಿಯು ಮುಗಿಯುವ ದಿನವನ್ನು ಪಂಪಿನ ಪೆಟ್ಟಿಗೆಯ ಮೇಲೆ ಬರೆದಿಡುವುದು ಲೇಸು.

೪. ಸಂಖ್ಯೆಯನ್ನು ಬಿಡದೆ ಕಂಪನಿಯನ್ನು ಬದಲಿಸುವುದು

ಕಂಪನಿಯು ಸರಿಬಾರದಿದ್ದರೆ ಸಂಖ್ಯೆಯನ್ನು ಬದಲಿಸಬೇಕಾಗಿಲ್ಲ. ೨೦೧೧ರ ಜನೇವರಿಯಿಂದ ದೇಶದಲ್ಲೆಲ್ಲ ಈ ಅನುಕೂಲವಿದೆ. ಇಂಗ್ಲಿಷಿನಲ್ಲಿ ‘ಪೋರ್ಟ್’ ಎಂದು ಬರೆದು, ಸ್ಥಳ ಬಿಟ್ಟು, ತನ್ನ ಹತ್ತು ಅಂಕೆಯ ಸಂಖ್ಯೆಯನ್ನು ಬರೆದು ೧೯೦೦ಕ್ಕೆ ಕಳಿಸಿದರೆ ಒಂದು ಸಂಕೇತವು ಬರುವುದು. ಅದು ನಾಲ್ಕು ದಿನ ಮಾತ್ರ ನಡೆಯುವುದು. ಅಷ್ಟರೊಳಗೆ ಆಧಾರ್ ಮುಂತಾದ ಗುರುತಿನೊಡನೆ ಹೊಸ ಕಂಪನಿಯ ಅಂಗಡಿಗೆ ಹೋಗಬೇಕು. ಈಗಿನ ಕಂಪನಿಯಲ್ಲಿ ೯೦ ದಿನಗಳಾಗಿರಬೇಕು. ಹಳೆಯ ಸಿಮ್ಮಿನಲ್ಲಿ ಉಳಿದ ರೀಚಾರ್ಜು ಹೋಗುವುದಾದುದರಿಂದ ಅವಧಿಯ ಕೊನೆಗೆ ಬದಲಿಸುವುದು ಲಾಭಕರವು.

ಸಂಖ್ಯೆಯನ್ನು ಎಂದಿಗೂ ಅಲಕ್ಷಿಸಬಾರದು. ಆಧಾರ್, ಬ್ಯಾಂಕು, ಪಿ.ಎಂ. ಕಿಸಾನ್ ಎಲ್ಲವೂ ಅದಕ್ಕೆ ಕೂಡಿಕೊಂಡಿರುವುವು. ರೀಚಾರ್ಜಿಲ್ಲದೆ ಬಂದಾದ ಸಂಖ್ಯೆಯನ್ನು, ೯೦ ದಿನಗಳು ಕಳೆದ ಮೇಲೆ, ಕಂಪನಿಯು ಮತ್ತೊಬ್ಬನಿಗೆ ಕೊಡಬಹುದು. ದುಡಿಯಲು ಗೋವೆಗೋ ಪುಣೆಗೋ ಹೋದ ಮಗನ ಸಂಖ್ಯೆಯನ್ನು ತಂದೆಯ ಖಾತೆಗೆ ಕೂಡಿಸುವುದೂ ತೊಂದರೆಯೇ, ಓ.ಟಿ.ಪಿ. ಅಲ್ಲಿಗೆ ಹೋಗುವುದು, ತಂದೆಯು ಇಲ್ಲಿ ಕಾಯುವನು. ಇಂಟರ್ನೆಟ್ಟು ಬೇಡವಾದವರಿಗಾಗಿ ಮಾತು ಮತ್ತು ಸಂದೇಶ ಮಾತ್ರವುಳ್ಳ ಪ್ಯಾಕನ್ನು ಇಡಲೇಬೇಕೆಂದು ಟ್ರಾಯ್ ೨೦೨೪ರ ಡಿಸೆಂಬರಿನಲ್ಲಿ ಕಂಪನಿಗಳಿಗೆ ವಿಧಿಸಿದೆ. ಅಂಗಡಿಯಲ್ಲಿ ಅದನ್ನು ಹೆಸರು ಹೇಳಿ ಕೇಳಬೇಕು.

೫. ಮೊಬೈಲನ್ನು ಕೊಳ್ಳುವಾಗ

ಪರದೆಯನ್ನು ಅಂಗಡಿಯ ಹೊರಗೆ ಬಿಸಿಲಿನಲ್ಲಿ ಹಿಡಿದು ನೋಡಬೇಕು. ಟ್ರ್ಯಾಕ್ಟರಿನ ಸದ್ದಿನಲ್ಲಿ ಕೇಳುವಷ್ಟು ಗಂಟೆಯಿರಬೇಕು. ಬ್ಯಾಟರಿಯು ದೊಡ್ಡದಿರಲಿ, ಎರಡು ಸಿಮ್ಮಿಗೆ ಸ್ಥಳವಿರಲಿ, ಕನ್ನಡ ಅಕ್ಷರಗಳಿರಲಿ. ಆರಿಸಿದ ಕಂಪನಿಯ ೪ಜಿ ಮಾತು ಅದರಲ್ಲಿ ನಡೆಯುವುದೋ ಎಂದು ಸಿಮ್ಮು ಹಾಕಿ ನೋಡಬೇಕು. ಮಾತಿಗಾಗಿಯೇ ೫ಜಿ ಮೊಬೈಲಿಗೆ ಹೆಚ್ಚು ಹಣ ಹಾಕುವ ಕಾರಣವಿಲ್ಲ. *#೦೬# ಒತ್ತಿದರೆ ಬರುವ ೧೫ ಅಂಕೆಯ ಸಂಖ್ಯೆಯು ಪಾವತಿಯ ಮೇಲೂ ಇರತಕ್ಕದ್ದು. ಮೊಬೈಲು ಕಳವಾದರೆ, ಪೋಲೀಸರಿಗೆ ದೂರು ಕೊಟ್ಟು, ‘ಸಂಚಾರ್ ಸಾಥಿ’ಯಲ್ಲಿ ಅದನ್ನು ಬಂದು ಮಾಡಿಸಲು ಇದೇ ಸಂಖ್ಯೆ ಬೇಕಾಗುವುದು. ಓ.ಟಿ.ಪಿ.ಯನ್ನು ಯಾರು ಕೇಳಿದರೂ ಹೇಳಬಾರದು. ಮೋಸವಾದರೆ ಕೂಡಲೆ ೧೯೩೦ಕ್ಕೆ ತಿಳಿಸಬೇಕು.

೬. ಊರ ಹಿರಿಯರ ಕರ್ತವ್ಯ

ಪ್ರತಿಯೊಬ್ಬ ಸಣ್ಣ ಹಿಡುವಳಿದಾರನಿಗೂ, ಒಂಟಿಯಾಗಿ ಹೊಲ ಮಾಡಿಸುವ ಹೆಣ್ಣುಮಗಳಿಗೂ ಇಷ್ಟೆಲ್ಲ ಪರೀಕ್ಷೆ ಮಾಡುವುದು ಸಾಧ್ಯವಾಗಲಾರದು. ಊರ ಗೌಡರೂ ಪ್ರಮುಖರೂ ಮನಸ್ಸು ಮಾಡಿ, ನಾಲ್ಕು ತರುಣರನ್ನು ನಾಲ್ಕು ಕಂಪನಿಯ ಮೊಬೈಲುಗಳೊಡನೆ ಸೀಮೆಯ ನಾಲ್ಕು ದಿಕ್ಕಿಗೆ ಒಟ್ಟಾಗಿ ಕಳಿಸಿದರೆ ಎರಡು ದಿನಗಳಲ್ಲಿ ಊರಿಗೆಲ್ಲ ಸಾಕಾಗುವಷ್ಟು ತಿಳಿವಳಿಕೆ ದೊರೆಯುವುದು. ಯಾವ ಹೊಲದ ದಾರಿಯಲ್ಲಿ ಯಾವ ಕಂಪನಿ ನಡೆಯುವುದೆಂಬುದನ್ನು ಪಂಚಾಯಿತಿಯ ಹಲಗೆಯ ಮೇಲೆ ಬರೆಸಿ, ವರ್ಷಕ್ಕೊಮ್ಮೆ ತಿದ್ದಿಸಬೇಕು. ಈ ಕೆಲಸಕ್ಕೆ ಖರ್ಚು ಅಲ್ಪವು, ಅದರಿಂದ ಉಳಿಯುವುದು ಇಡೀ ಊರಿನ ಹಣವು. ಮುಂಗಾರಿಯ ಬಿತ್ತಿಗೆಗೆ ಮೊದಲೇ ಇದನ್ನು ಮುಗಿಸಿದರೆ ಉತ್ತಮವು.