ಕೆಸರಿಗಿಳಿಯುವ ಕಾಲು

ಮೊಣಕಾಲಿನ ಕೆಳಗೆ ಕೃತಕ ಕಾಲು ಕಟ್ಟಿಕೊಂಡು ಅರಸೀಕೆರೆ ಸೀಮೆಯಲ್ಲಿ ತೆಂಗಿನ ತೋಟ ಮಾಡಿಕೊಂಡಿರುವವನು ನಾನು. ಈ ಕಾಲು ಎಷ್ಟು ವರ್ಷ ಬಾಳಿಕೆ ಬರುತ್ತೆ ಅಂತ ಹೊಸಬರು ಕೇಳುತ್ತಾರೆ. ನೀವು ಎಲ್ಲಿ ಓಡಾಡುತ್ತೀರಿ ಅಂತ ನಾನು ಮೊದಲು ವಿಚಾರಿಸುತ್ತೇನೆ.

ನನಗೆ ಮೊದಲು ಸಿಕ್ಕಿದ್ದು ಸ್ಯಾಚ್ ಪಾದ. ಒಳಗೆ ಮರದ ತುಂಡು, ಹಿಮ್ಮಡಿಗೆ ಮೆತ್ತನೆಯ ಫೋಮು. ಶೂ ಹಾಕಿಕೊಂಡು ಓಡಾಡುವವರಿಗೆ ಸರಿ. ಪಾತಿಗೆ ನೀರು ಕಟ್ಟುವವನು ಶೂ ಹಾಕಿ ನಿಲ್ಲುವುದುಂಟೆ? ಬೆರಳು ಬಾಗುವ ಕಡೆ ಅಡಿಯಲ್ಲಿ ಕೂದಲೆಳೆಯಷ್ಟು ಸೀಳು ಬಿಟ್ಟಿತು, ಕೆಸರು ಒಳಗೆ ಹೊಕ್ಕಿತು. ಬರಬರುತ್ತಾ ಹಿಮ್ಮಡಿ ಚಪ್ಪಟೆಯಾಗಿ ನಡಿಗೆ ವಾಲಿತು, ಸೊಂಟ ಹಿಡಿದುಕೊಂಡಿತು.

ಆಮೇಲೆ ಹಾಕಿಸಿಕೊಂಡದ್ದು ಜೈಪುರದ ರಬ್ಬರ್ ಪಾದ. 1960ರ ದಶಕದ ಕೊನೆಯಲ್ಲಿ ಅಲ್ಲಿನ ಸವಾಯ್ ಮಾನ್‌ಸಿಂಗ್ ಆಸ್ಪತ್ರೆಯಲ್ಲಿ ಕುಶಲಕರ್ಮಿ ರಾಮಚಂದ್ರ ಶರ್ಮ, ಡಾ. ಪಿ.ಕೆ. ಸೇಥಿ ಮತ್ತು ಜೊತೆಗಾರರು ರೂಪಿಸಿದ್ದು. ಬರಿಗಾಲಲ್ಲಿ ನಡೆದು, ಚಕ್ಕಂಬಕ್ಕಲ ಹಾಕಿ ಕೂರುವ ನಮ್ಮಂಥವರಿಗೆಂದೇ ಮಾಡಿದ್ದು. ಸ್ಪಂಜಿನಂಥ ರಬ್ಬರಿನ ಸುತ್ತ ಟೈರಿನ ನೂಲು, ಗಟ್ಟಿ ರಬ್ಬರು ಹೊದಿಸಿ ಅಚ್ಚಿನಲ್ಲಿಟ್ಟು ಕಾಯಿಸುತ್ತಾರೆ. ಚಪ್ಪಲಿ ಬಿಟ್ಟು ಬೇಲೂರಿನ ಚನ್ನಕೇಶವನ ಗುಡಿಯ ಕಲ್ಲುಹಾಸಿನ ಮೇಲೆ ನಡೆದರೂ ಜಗ್ಗುವುದಿಲ್ಲ. ತೂಕ ಜಾಸ್ತಿ, ಸಂಜೆ ಹೊತ್ತಿಗೆ ತೊಡೆ ಸೋಲುತ್ತದೆ. ಆದರೂ ನಾನು ಆರಿಸುವುದು ಇದನ್ನೇ.

ಇದಕ್ಕೂ ಒಂದು ಮರ್ಮಸ್ಥಾನವಿದೆ: ಕಣಕಾಲಿನ ಮರದ ತುಂಡು, ಅದರಲ್ಲಿ ಕೂತ ಬೋಲ್ಟು. ಹಳೇಬೀಡು ದಾಟಿ ಬೇಲೂರಿನಾಚೆ ಹೋದರೆ ಮಳೆಯ ಲೆಕ್ಕವೇ ಬೇರೆ. ಅಲ್ಲಿ ಕಾಫಿ ತೋಟದಲ್ಲಿ ದುಡಿಯುವ ನಮ್ಮ ಭಾವನವರದೂ ಇದೇ ಪಾದ. ಆಷಾಢದ ಜಡಿಮಳೆಗೆ ನೀರಿಳಿದು, ಮರ ಊದಿ, ಬೋಲ್ಟು ಸಡಿಲಾಗಿ ಹೆಜ್ಜೆಹೆಜ್ಜೆಗೂ ಕಟಕ್ ಅನ್ನತೊಡಗಿತು. ಆ ಸದ್ದು ಕೇಳಿದ ದಿನವೇ ಬಿಗಿ ಮಾಡಿಸಬೇಕು. ರಾತ್ರಿ ಬಿಚ್ಚಿದ ಮೇಲೆ ಒರೆಸಿ ಗಾಳಿಗಿಡಬೇಕು, ಒಲೆ ಪಕ್ಕ ಮಾತ್ರ ಬೇಡ.

ಐಎಸ್‌ಒ 10328 ಮಾನದಂಡದ ಪ್ರಕಾರ ಪಾದವನ್ನು ಯಂತ್ರದಲ್ಲಿ 20 ಲಕ್ಷ ಸಲ ಒತ್ತಿ ನೋಡುತ್ತಾರೆ. ಆ ಕಾಲಿನ ಮೇಲೆ ದಿನಕ್ಕೆ 3,000 ಹೆಜ್ಜೆ ಬಿದ್ದರೆ, ಎರಡು ವರ್ಷದೊಳಗೆ ಆ ಲೆಕ್ಕ ಮುಗಿಯುತ್ತದೆ. ಕೆಸರು, ಬಿಸಿಲು ಬೇರೆ. ಅಂದಮೇಲೆ ಪಾದ ಸವೆಯುವುದು ಸಹಜ. ಸವೆದರೆ ಬೋಲ್ಟು ಬಿಚ್ಚಿ ಪಾದವೊಂದನ್ನೇ ಬದಲಾಯಿಸಬಹುದು. ಇದನ್ನು ಹೇಳಿಕೊಡುವವರಿಲ್ಲದೆ ಎಷ್ಟೋ ಜನ ಇಡೀ ಕಾಲನ್ನೇ ಅಟ್ಟಕ್ಕೆ ಹಾಕಿ ಊರುಗೋಲು ಹಿಡಿದಿದ್ದಾರೆ. ಉಚಿತ ಶಿಬಿರ ಮಾಡುವವರಿಗೆ ನಾನು ಕೈಮುಗಿದು ಕೇಳುವುದಿಷ್ಟೇ: ತಾಲ್ಲೂಕು ಆಸ್ಪತ್ರೆಯಲ್ಲಿ ನಾಲ್ಕಾರು ಅಳತೆಯ ಪಾದ, ಬೋಲ್ಟುಗಳನ್ನಿಟ್ಟು, ತಿಂಗಳಿಗೊಂದು ದಿನ ಬಂದು ಕೂರುವ ತಂತ್ರಜ್ಞರೊಬ್ಬರನ್ನು ಗೊತ್ತುಮಾಡಿ. ಒಂದು ಬೋಲ್ಟಿಗಾಗಿ ಭಾವನವರು ಕೂಲಿ ಕಳೆದುಕೊಂಡು ಬೆಂಗಳೂರಿನ ಬಸ್ಸು ಹತ್ತುವುದು ತಪ್ಪುತ್ತದೆ.