ಕೇಳಿ ನುಡಿಸುವ ವಿದ್ಯೆ: ಷಡ್ಜವನ್ನು ಕಂಡುಕೊಳ್ಳುವ ಬಗೆ

ಯಲಹಂಕವಾಗಲಿ, ಹೆಬ್ಬಾಳವಾಗಲಿ, ಬೆಂಗಳೂರಿನ ಉತ್ತರಭಾಗದ ಶಾಲೆಗಳ ಬೆಳಗಿನ ಪ್ರಾರ್ಥನೆಯಲ್ಲಿ ಕಾಣಬಹುದಾದ ಒಂದು ಸನ್ನಿವೇಶವುಂಟು. ಮಕ್ಕಳು ವಚನವನ್ನು ತಮಗೆ ಒದಗಿದ ಶ್ರುತಿಯಲ್ಲಿ ಎತ್ತಿಕೊಳ್ಳುತ್ತಾರೆ. ಹಾರ್ಮೋನಿಯಂ ನುಡಿಸುವವರು ತಮಗೆ ರೂಢಿಯಾದ ಮನೆಯ ಮೇಲೆ ಕೈಯಿಟ್ಟು ಮಕ್ಕಳನ್ನೇ ಅಲ್ಲಿಗೆ ಎಳೆಯುತ್ತಾರೆ. ಕಂಠ ಒಡೆಯುವ ವಯಸ್ಸಿನ ಹುಡುಗನು ಮೇಲಿನ ಸ್ವರವನ್ನು ಮುಟ್ಟಲಾರದೆ ಸುಮ್ಮನಾಗುತ್ತಾನೆ. ಇವನಿಗೆ ಸಂಗೀತ ಒಲಿಯದೆಂಬ ತೀರ್ಪು ಅಂದೇ ಹೊರಬೀಳುತ್ತದೆ. ದೋಷವಿರುವುದು ಹುಡುಗನ ಕಂಠದಲ್ಲಲ್ಲ, ಹಾಡಿನ ಆಧಾರಷಡ್ಜವನ್ನು ಕಿವಿಯಿಂದ ಅರಿಯದ ಕೈಯಲ್ಲಿ.

ಕಿವಿಯನ್ನೇ ನೆಚ್ಚಿ ಸಂಗೀತ ಕಲಿಸಿದ ಗುರುಕುಲವೆಂದರೆ ಗದಗಿನ ವೀರೇಶ್ವರ ಪುಣ್ಯಾಶ್ರಮ. ಹಾನಗಲ್ಲ ಕುಮಾರ ಶಿವಯೋಗಿಗಳ ಆಶ್ರಯದಲ್ಲಿ ಬೆಳೆದ ಪಂಚಾಕ್ಷರ ಗವಾಯಿಗಳು (1892–1944) ಹುಟ್ಟು ಅಂಧರು. ಕರ್ನಾಟಕ, ಹಿಂದುಸ್ತಾನಿ ಪದ್ಧತಿಗಳೆರಡನ್ನೂ ಅವರು ಗುರುಮುಖದಿಂದ ಕೇಳಿಯೇ ಕರಗತ ಮಾಡಿಕೊಂಡರು. ಬಸವರಾಜ ರಾಜಗುರುಗಳು ಅವರ ಶಿಷ್ಯರು. ಆಶ್ರಮದ ಹೊಣೆಯನ್ನು ಅವರಿಂದ ವಹಿಸಿಕೊಂಡ ಪುಟ್ಟರಾಜ ಗವಾಯಿಗಳು (1914–2010) ಶೈಶವದಲ್ಲಿಯೇ ದೃಷ್ಟಿ ಕಳೆದುಕೊಂಡವರು. ಆದರೂ ಹಾರ್ಮೋನಿಯಂ, ತಬಲಾ, ಪಿಟೀಲು, ಸಾರಂಗಿಗಳನ್ನು ನುಡಿಸಬಲ್ಲವರಾದರು. ಅಲ್ಲಿಗೆ ಬಂದ ಅಂಧ ಬಾಲಕರಿಗೆ ಸ್ವರಲಿಪಿ ನೋಡಿ ನುಡಿಸುವ ಮಾತೇ ಇರಲಿಲ್ಲ. ಕೇಳಿದ್ದನ್ನು ಕೈಗೆ ತಂದುಕೊಳ್ಳುವುದು ಅವರ ಪಾಲಿಗೆ ವಿದ್ಯೆಯೂ ಹೌದು, ಮುಂದಿನ ಅನ್ನದ ದಾರಿಯೂ ಹೌದು.

ಹಾರ್ಮೋನಿಯಮ್ಮಿನ ಕಪ್ಪು ಮನೆಗಳು ಎರಡು, ಮೂರು ಎಂದು ಗುಂಪುಗೂಡಿ ಉಬ್ಬಿ ನಿಂತಿರುವುದರಿಂದ ಕಣ್ಣಿಲ್ಲದಿದ್ದರೂ ಬೆರಳಿಗೆ ಸ್ಥಾನ ತಿಳಿಯುತ್ತದೆ. ಸ್ಥಾನ ತಿಳಿದ ಮಾತ್ರಕ್ಕೆ ಷಡ್ಜ ತಿಳಿಯದು. ಉಪಾಧ್ಯಾಯರು ತರಗತಿಯಲ್ಲಿಯೇ ಇದನ್ನು ಪರೀಕ್ಷಿಸಬಹುದು. ಬಿಳಿಯ ಮನೆಗಳನ್ನು ಮುಟ್ಟದೆ ಐದು ಕಪ್ಪು ಮನೆಗಳನ್ನಷ್ಟೇ ನುಡಿಸಬೇಕು. ಕಪ್ಪು ಮೂರನ್ನು ಷಡ್ಜವೆಂದು ಹಿಡಿದರೆ ಮೋಹನ, ಅಂದರೆ ಹಿಂದುಸ್ತಾನಿಯ ಭೂಪ. ಕಪ್ಪು ನಾಲ್ಕನ್ನು ಹಿಡಿದರೆ ಮಧ್ಯಮಾವತಿ. ಐದಾದರೆ ಹಿಂದೋಳ, ಅದೇ ಮಾಲಕಂಸ. ಕಪ್ಪು ಒಂದಕ್ಕೆ ಬಂದರೆ ಶುದ್ಧ ಸಾವೇರಿ, ಎರಡಕ್ಕೆ ಶುದ್ಧ ಧನ್ಯಾಸಿ. ಮನೆಗಳು ಅವೇ ಐದು. ಷಡ್ಜ ಸರಿದಂತೆ ರಾಗವೇ ಬೇರೆ. ಇದನ್ನು ಗ್ರಹಭೇದವೆಂದು ಕರೆಯುತ್ತಾರೆ. ಹಾಡಿನ ಸ್ವರಗಳೆಲ್ಲ ಬೆರಳಿಗೆ ಸಿಕ್ಕಿದವೆಂದು ಹಿಗ್ಗುವ ವಿದ್ಯಾರ್ಥಿಯು ಅರ್ಧ ದಾರಿಯಲ್ಲಿ ಮಾತ್ರ ಇದ್ದಾನೆ.

ಹಾಗಾದರೆ ಷಡ್ಜವನ್ನು ಹುಡುಕುವುದೆಲ್ಲಿ? ಹಾಡಿನ ಆರಂಭದಲ್ಲಿ ಹುಡುಕುವುದು ಸಾಮಾನ್ಯವಾದ ತಪ್ಪು. ಎಷ್ಟೋ ಹಾಡುಗಳು ಗಾಂಧಾರದಿಂದಲೋ ಪಂಚಮದಿಂದಲೋ ಏಳುತ್ತವೆ. ಹಾಡು ಸುತ್ತಿ ಬಂದು ಎಲ್ಲಿ ನೆಮ್ಮದಿಯಾಗಿ ನಿಲ್ಲುತ್ತದೆಯೋ ಅಲ್ಲಿ ಕಿವಿಯಿಡಬೇಕು. ವಾದ್ಯವನ್ನು ಮುಟ್ಟುವ ಮೊದಲು ಆ ನಿಲುಗಡೆಯ ಸ್ವರವನ್ನು ಬಾಯಿಮುಚ್ಚಿ ಗುನುಗಿ, ಅನಂತರ ಅದಕ್ಕೆ ಹೊಂದುವ ಮನೆಯನ್ನು ಅರಸಬೇಕು. ಸಿಕ್ಕ ಮನೆಯನ್ನು ಒತ್ತಿ ಹಿಡಿದು ಪಲ್ಲವಿಯನ್ನು ಮತ್ತೊಮ್ಮೆ ಹಾಡಿಸಬೇಕು. ಷಡ್ಜ ಸರಿಯಿದ್ದರೆ ಹಾಡು ಅದರ ಮೇಲೆ ಕುಳಿತುಕೊಳ್ಳುತ್ತದೆ; ಪಂಚಮವನ್ನೋ ಮಧ್ಯಮವನ್ನೋ ಷಡ್ಜವೆಂದು ಭ್ರಮಿಸಿದ್ದರೆ ಹಾಡು ಮುಗಿದರೂ ಮುಗಿಯದಂತೆ ತೋರುತ್ತದೆ. ಈ ಅತೃಪ್ತಿಯನ್ನು ಗುರುತಿಸುವುದೇ ಅಭ್ಯಾಸ. ತಂಬೂರಿಯ ಸನ್ನಿಧಿಯಲ್ಲಿ ಅದು ಬೇಗ ಬರುತ್ತದೆ.

ಹಾರ್ಮೋನಿಯಮ್ಮಿನ ಮಿತಿಯನ್ನೂ ಹೇಳಬೇಕು. ಅದರ ಸ್ವರಗಳು ಕಟ್ಟಿಟ್ಟವು. ಮೀಂಡು, ಗಮಕಗಳು ಅದರಲ್ಲಿ ಪೂರ್ಣವಾಗಿ ಮೂಡವು. ಇಂಥ ಆಕ್ಷೇಪಗಳಿಂದ 1940ರಲ್ಲಿ ಆಲ್ ಇಂಡಿಯಾ ರೇಡಿಯೋ ಅದನ್ನು ಬಹಿಷ್ಕರಿಸಿತ್ತು; 1971ರಲ್ಲಿ ನಿರ್ಬಂಧ ಸಡಿಲಗೊಂಡಿತು. ಷಡ್ಜದ ಸ್ಥಾನವನ್ನು ತೋರಿಸುವ ಮಟ್ಟಿಗೆ ಮಾತ್ರ ಶಾಲೆಗೆ ಅದಕ್ಕಿಂತ ಅನುಕೂಲವಾದ ವಾದ್ಯ ವಿರಳ.

ಇನ್ನು ಕಂಠ ಒಡೆದ ಆ ಹುಡುಗ. ಕಪ್ಪು ಮೂರರ ಮೋಹನ ಅವನಿಗೆ ಎತ್ತರವಾದರೆ ಬಿಳಿ ಒಂದಕ್ಕೆ ಇಳಿಯಬಹುದು. ಆಗ ಸ್ವರಗಳು ಬಿಳಿ ಒಂದು, ಎರಡು, ಮೂರು, ಐದು, ಆರರಲ್ಲಿ ದೊರೆಯುತ್ತವೆ. ಕೇಳಿ ಕಲಿತವನ ಕೈ ಕ್ಷಣದಲ್ಲಿ ಅಲ್ಲಿಗೆ ಸರಿಯುತ್ತದೆ. ಮನೆಗಳನ್ನು ಬಾಯಿಪಾಠ ಮಾಡಿದವನಿಗೆ ಅಲ್ಲಿ ಒಂದೂ ಕಪ್ಪು ಮನೆ ಸಿಗದು.