ಶ್ವಾಸಕೋಶದ ಸ್ಥಿತಿಸ್ಥಾಪಕತ್ವವನ್ನು ಅಳೆಯುವುದು ಹೇಗೆ?

ತೂಗುಹಾಕಿದ ತಂತಿಗೆ ಒಂದೊಂದೇ ತೂಕವನ್ನು ಸೇರಿಸುತ್ತ, ಅದು ಎಷ್ಟು ಹಿಗ್ಗಿತೆಂಬುದನ್ನು ನೋಡಿ ಯಂಗ್ ಗುಣಾಂಕವನ್ನು ಕಂಡುಹಿಡಿಯುವ ಪ್ರಯೋಗ ಕಾಲೇಜು ವಿದ್ಯಾರ್ಥಿಗಳಿಗೆ ಪರಿಚಿತವೇ. ಬದುಕಿರುವ ಮನುಷ್ಯನ ಶ್ವಾಸಕೋಶಕ್ಕೆ ಹೀಗೆ ತೂಕ ಕಟ್ಟುವಂತಿಲ್ಲ. ಆದರೂ ಅದರ ಸ್ಥಿತಿಸ್ಥಾಪಕತ್ವವನ್ನು ತಿಳಿಯಬೇಕಾದ ಸಂದರ್ಭವುಂಟು.

ನಂಜನಗೂಡಿನಿಂದಲೋ ತಿರುಮಕೂಡಲು ನರಸೀಪುರದಿಂದಲೋ ಶ್ವಾಸಕೋಶದ ಕ್ಯಾನ್ಸರ್ ತಗುಲಿದ ರೋಗಿಯೊಬ್ಬರು ವಿಕಿರಣ ಚಿಕಿತ್ಸೆಗಾಗಿ ಮೈಸೂರಿಗೋ ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೋ ಹೋದರೆನ್ನೋಣ. ಕಿರಣವನ್ನು ಗೆಡ್ಡೆಯ ಮೇಲೆ ಗುರಿಯಿಡಬೇಕು. ಗೆಡ್ಡೆಯಾದರೋ ಪ್ರತಿ ಉಸಿರಿಗೂ ಸರಿದಾಡುತ್ತದೆ. ವಪೆಯ ಸಮೀಪದಲ್ಲಿದ್ದರೆ ಅದು ಒಂದು ಸೆಂಟಿಮೀಟರಿಗೂ ಹೆಚ್ಚು ಸರಿಯಬಹುದು. ಗುರಿಯ ಸುತ್ತ ಹೆಚ್ಚು ಅಂಚನ್ನು ಬಿಟ್ಟರೆ ಆರೋಗ್ಯವಾದ ಭಾಗಕ್ಕೆ ಹಾನಿ. ಕಡಿಮೆ ಬಿಟ್ಟರೆ ಗೆಡ್ಡೆಯ ಒಂದಂಶ ತಪ್ಪಿಸಿಕೊಳ್ಳುತ್ತದೆ. ಯಾವ ಭಾಗ ಚೆನ್ನಾಗಿ ಹಿಗ್ಗುತ್ತದೆ, ಯಾವುದು ಬಿರುಸಾಗಿದೆ ಎಂಬುದು ತಿಳಿದರೆ ಗೆಡ್ಡೆಯ ಚಲನೆಯನ್ನು ಲೆಕ್ಕಹಾಕಬಹುದು. ಚೆನ್ನಾಗಿ ಉಸಿರಾಡುವ ಭಾಗವನ್ನು ಕಿರಣದಿಂದ ಆದಷ್ಟು ಕಾಪಾಡಲೂಬಹುದು.

ಇಲ್ಲಿ ತೂಕದ ಕೆಲಸವನ್ನು ಉಸಿರೇ ಮಾಡುತ್ತದೆ. ಸಿ.ಟಿ. ಯಂತ್ರದಿಂದ ಉಸಿರಾಟದ ಒಂದು ಆವರ್ತವನ್ನು ಸಾಮಾನ್ಯವಾಗಿ ಹತ್ತು ಹಂತಗಳಾಗಿ ಚಿತ್ರಿಸುತ್ತಾರೆ. ಮೊದಲ ಚಿತ್ರದ ಪ್ರತಿಯೊಂದು ಬಿಂದುವೂ ಮುಂದಿನ ಚಿತ್ರದಲ್ಲಿ ಎಲ್ಲಿದೆಯೆಂಬುದನ್ನು ಗಣಕಯಂತ್ರ ಹುಡುಕುತ್ತದೆ.

ಸ್ಥಾನಪಲ್ಲಟವೇ ವಿಕೃತಿಯಲ್ಲವೆಂಬುದನ್ನು ಓದುಗರು ಗಮನಿಸಬೇಕು. ನಂಜನಗೂಡಿನಲ್ಲಿ ಕಪಿಲೆಗೆ ಒಂದು ಗೇಣು ಅಂತರದಲ್ಲಿ ಎರಡು ಎಲೆಗಳನ್ನು ಬಿಟ್ಟೆವೆನ್ನಿ. ನರಸೀಪುರದ ಸಂಗಮವನ್ನು ಮುಟ್ಟುವಾಗಲೂ ಅವುಗಳ ಅಂತರ ಒಂದು ಗೇಣೇ ಆಗಿದ್ದರೆ, ಪಯಣ ಎಷ್ಟೇ ದೂರದ್ದಾದರೂ ವಿಕೃತಿ ಸೊನ್ನೆ. ಅಂತರ ಎರಡು ಗೇಣಾಗಿದ್ದರೆ ಮಾತ್ರ ಹಿಗ್ಗು ಉಂಟಾಯಿತೆನ್ನಬೇಕು. ಗೆಡ್ಡೆ ಬಹಳ ಸರಿದಾಡುತ್ತಿದ್ದರೂ ತಾನು ಹಿಗ್ಗದೆ, ನೆರೆಯ ಭಾಗದೊಡನೆ ತೇಲಿಹೋಗುತ್ತಿರಬಹುದು.

ವಿಕೃತಿ ದೊರೆಯಿತು, ಬಲ ಎಷ್ಟು? ಕಷ್ಟವಿರುವುದು ಇಲ್ಲಿಯೇ. ಹತ್ತು ಹತ್ತು ಸೆಂಟಿಮೀಟರಿನ ಎರಡು ರಬ್ಬರು ಪಟ್ಟಿಗಳನ್ನು ತುದಿಗೆ ತುದಿ ಕಟ್ಟಿ ಎಳೆಯಿರಿ. ಒಂದು 1 ಸೆಂಟಿಮೀಟರು, ಇನ್ನೊಂದು 3 ಸೆಂಟಿಮೀಟರು ಹಿಗ್ಗಿತೆನ್ನೋಣ. ಎರಡರಲ್ಲಿಯೂ ಬಲ ಒಂದೇ ಆದುದರಿಂದ ಮೊದಲನೆಯದು ಮೂರು ಪಟ್ಟು ಬಿರುಸು. ಎಳೆದ ಬಲ ಒಂದು ನ್ಯೂಟನ್ನೋ ಹತ್ತು ನ್ಯೂಟನ್ನೋ ಎಂಬುದನ್ನು ಚಿತ್ರ ಹೇಳುವುದಿಲ್ಲ. ಶ್ವಾಸಕೋಶದಲ್ಲಿಯೂ ಹಾಗೆಯೇ: ಚಿತ್ರ ಮಾತ್ರವಿದ್ದರೆ ಭಾಗಭಾಗಗಳ ಬಿರುಸಿನ ಅನುಪಾತ ಸಿಕ್ಕೀತು, ನಿಜವಾದ ಬೆಲೆ ಸಿಕ್ಕದು.

ಒತ್ತಡ ಗೊತ್ತಿದ್ದರೆ ಬೆಲೆಯೂ ಸಿಕ್ಕುತ್ತದೆ. ಸಹಜವಾಗಿ ಉಸಿರುಬಿಟ್ಟಾಗ ಎರಡು ಶ್ವಾಸಕೋಶಗಳಲ್ಲಿ ಸುಮಾರು 2.5 ಲೀಟರು ಗಾಳಿ ಉಳಿದಿರುತ್ತದೆ. ಒಂದು ಉಸಿರಿನಲ್ಲಿ ಅರ್ಧ ಲೀಟರು ಸೇರುತ್ತದೆ. ಶ್ವಾಸಕೋಶದ ಗೋಡೆಯಾಚೆಗಿನ ಒತ್ತಡವ್ಯತ್ಯಾಸದಲ್ಲಿ ಆಗುವ ಬದಲಾವಣೆ ಸುಮಾರು 250 ಪಾಸ್ಕಲ್, ಅಂದರೆ ಎರಡೂವರೆ ಸೆಂಟಿಮೀಟರು ನೀರಿನೆತ್ತರ. ಗಾತ್ರದ ವಿಕೃತಿ ಐದರಲ್ಲೊಂದು ಪಾಲು. ಭಾಗಿಸಿದರೆ ಗಾತ್ರಗುಣಾಂಕ 1,250 ಪಾಸ್ಕಲ್. ನೀರಿನದು ಸುಮಾರು 220 ಕೋಟಿ ಪಾಸ್ಕಲ್! ಇದು ಇಡೀ ಅಂಗದ ಸರಾಸರಿಯ ಸ್ಥೂಲ ಲೆಕ್ಕವೆಂಬುದನ್ನು ಮರೆಯಬಾರದು.

ಭಾಗಭಾಗದ ಬೆಲೆಯನ್ನು ಪಡೆಯಲು ಶ್ವಾಸಕೋಶವನ್ನು ಗಣಕದಲ್ಲಿ ಸಣ್ಣ ಸಣ್ಣ ಘಟಕಗಳಾಗಿ ವಿಂಗಡಿಸಿ, ಒಂದೊಂದಕ್ಕೂ ಒಂದು ಬೆಲೆಯನ್ನು ಊಹಿಸುತ್ತಾರೆ. ಆ ಊಹೆಯಂತೆ ಬಿಂದುಗಳು ಎಲ್ಲಿಗೆ ಸರಿಯಬೇಕೆಂದು ಲೆಕ್ಕಹಾಕಿ ಚಿತ್ರದೊಡನೆ ಹೋಲಿಸುತ್ತಾರೆ. ತಾಳೆಯಾಗುವವರೆಗೆ ಊಹೆಯನ್ನು ತಿದ್ದುತ್ತಾರೆ. ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಸಂಶೋಧಕರು ಈ ಮಾರ್ಗದಲ್ಲಿ ಕೆಲಸಮಾಡಿದ್ದಾರೆ.

ಹೀಗೆ ಬಂದ ಗುಣಾಂಕ ಅಂಗಾಂಶವೊಂದರದೇ ಎಂದು ಭಾವಿಸಲಾಗದು. ಶ್ವಾಸಕೋಶದೊಳಗೆ ಗಾಳಿಯ ಬದಲು ಲವಣದ್ರಾವಣವನ್ನು ತುಂಬಿದರೆ ಅದು ಬಹಳ ಕಡಿಮೆ ಒತ್ತಡದಲ್ಲಿಯೇ ಹಿಗ್ಗುವುದೆಂದು ಫಾನ್ ನೀರ್‌ಗಾರ್ಡ್ 1929ರಲ್ಲಿ ತೋರಿಸಿದನು. ಗಾಳಿಗೂಡುಗಳೊಳಗಿನ ತೆಳುದ್ರವದ ಮೇಲ್ಮೈ ಎಳೆತವೂ ಬಿರುಸಿನಲ್ಲಿ ಸೇರಿದೆ ಎಂದಾಯಿತು. ಇವೆರಡನ್ನು ಚಿತ್ರ ಬೇರ್ಪಡಿಸಲಾರದು. ಚಿಕಿತ್ಸೆಗಾದರೋ ಎರಡೂ ಕೂಡಿದ ಬಿರುಸೇ ಬೇಕಾದುದು. ಗೆಡ್ಡೆಯನ್ನು ಅತ್ತಿತ್ತ ಎಳೆಯುವುದು ಅದೇ. ಚಿಕಿತ್ಸೆ ಮುಗಿದ ಕೆಲವು ತಿಂಗಳಲ್ಲಿ ಕಿರಣ ತಾಕಿದ ಭಾಗ ನಾರುಗಟ್ಟಿ ಇನ್ನಷ್ಟು ಬಿರುಸಾಗುವುದುಂಟು. ಆಗ ಹಳೆಯ ಗುಣಾಂಕಗಳು ಸಲ್ಲವು. ಹೊಸ ಚಿತ್ರಗಳಿಂದ ಲೆಕ್ಕವನ್ನು ಮತ್ತೆ ಆರಂಭಿಸಬೇಕಾಗುತ್ತದೆ.